ಮಳೆಗಾಲದ ವಿಮಾನ, ಕುಂದುವ ಬ್ಯಾಟರಿ

ಜೂನ್ ಎರಡನೇ ವಾರ ಕಾಲಿಟ್ಟಿತೆಂದರೆ ಮುಂಬೈಯ ಸಣ್ಣ ವಿಮಾನಗಳಿಗೆ ಅಜ್ಞಾತವಾಸ. ಅಲ್ಲಿನ ಜುಹು ವಿಮಾನ ನಿಲ್ದಾಣದ ನೆಲಕ್ಕೂ ಮಳೆಗೂ ಮೊದಲಿನಿಂದಲೇ ಎಣ್ಣೆ-ಸೀಗೆಕಾಯಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮೂಲಕ ಪುಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ತಂದಿಳಿಸಿದ್ದು ಈ ಜುಹುವಿನಲ್ಲೇ. ಅಲ್ಲಿಂದ ಮುಂದೆ ಪೈಲಟ್ ನೆವಿಲ್ ವಿನ್ಸೆಂಟ್ ಆ ಚೀಲಗಳನ್ನು ನಮ್ಮ ಬಳ್ಳಾರಿಯ ದಾರಿಯಾಗಿ ಮದರಾಸಿಗೆ ಒಯ್ದರು. ಇಷ್ಟು ಹೆಸರು ಮಾಡಿದ ಟಪಾಲು ಸೇವೆಯೂ ಮಳೆಗಾಲ ಬಂದರೆ ಜುಹುವಿನ ಕೆಸರಿಗೆ ಸೋತು ಪುಣೆಗೆ ಬಿಡಾರ ಬದಲಿಸುತ್ತಿತ್ತು.

ಆ ಕಾಲದ ವಿಮಾನಗಳಿಗೆ ಒಂದು ಸುಖವಿತ್ತು. ಪ್ರೊಪೆಲರನ್ನು ಕೈಯಿಂದಲೇ ತಿರುವಿದರೆ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಕಿಡಿ ಕೊಡುವುದಕ್ಕೆ ಮ್ಯಾಗ್ನೆಟೊ ಇತ್ತು. ಇಂದಿಗೂ ಹಾರುವ ಸಣ್ಣ ವಿಮಾನ ಸೆಸ್ನಾ 152ರಲ್ಲಿಯೂ ಮ್ಯಾಗ್ನೆಟೊಗಳೇ ಕಿಡಿ ಕೊಡುವುದು; ಒಮ್ಮೆ ಹತ್ತಿಕೊಂಡ ಎಂಜಿನ್ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಬ್ಯಾಟರಿಯನ್ನು ಎರಡನೇ ದರ್ಜೆಯ ಸಾಮಾನಿನಂತೆ ಕಾಣುವ ಅಭ್ಯಾಸ ಬಂದದ್ದು ಇಲ್ಲಿಂದಲೇ ಎಂದು ನನಗೆ ಅನಿಸುತ್ತದೆ. ಆದರೆ ಸ್ಟಾರ್ಟರ್, ರೇಡಿಯೊ, ಟ್ರಾನ್ಸ್‌ಪಾಂಡರ್, ರೆಕ್ಕೆಯ ಫ್ಲ್ಯಾಪ್, ದೀಪಗಳು ಎಲ್ಲವೂ ವಿದ್ಯುತ್ತನ್ನೇ ನಂಬಿವೆ. ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಕೆಟ್ಟರೆ ಆಕಾಶದಲ್ಲಿ ಉಳಿಯುವ ಒಂದೇ ಆಸರೆ ಬ್ಯಾಟರಿ. ಆಲ್ಟರ್ನೇಟರಿಗೆ ಕೆಲಸ ಶುರುಮಾಡಲೂ ಬ್ಯಾಟರಿಯಿಂದ ಒಂದಿಷ್ಟು ಕರೆಂಟು ಬೇಕು. ಹಾಗಾಗಿ ಪೂರ್ತಿ ಬರಿದಾದ ಬ್ಯಾಟರಿ ಇಟ್ಟುಕೊಂಡು ಕೈಯಿಂದ ಪ್ರೊಪೆಲರ್ ತಿರುವಿ ಹಾರಿಹೋಗುವುದನ್ನು ನಾನು ಸಾಹಸವೆಂದು ಕರೆಯಲಾರೆ, ಅದು ಅಪಾಯ.

ಹಾರಾಟದಿಂದ ಸಾಯುವ ಬ್ಯಾಟರಿಗಳು ಕಡಿಮೆ, ನಿಂತು ಸಾಯುವವೇ ಹೆಚ್ಚು. ಎಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಟರಿ ನೂರಾರು ಆಂಪಿಯರ್ ಕೊಟ್ಟರೂ ಅದು ಕೆಲವೇ ಸೆಕೆಂಡಿನ ಮಾತು; ಒಟ್ಟು ಸಂಗ್ರಹದಲ್ಲಿ ಹೋಗುವುದು ತೀರ ಅಲ್ಪ. ಆದರೆ ಸೀಸ-ಆಮ್ಲದ ಬ್ಯಾಟರಿ ಸುಮ್ಮನೆ ಕೂತಿದ್ದರೂ ತನ್ನಷ್ಟಕ್ಕೆ ಕರಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಕರಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಲೆಕ್ಕ. ಚಾರ್ಜ್ ಇಳಿದಂತೆ ತಗಡುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಹೊಸದರಲ್ಲಿ ಅದು ನಯವಾಗಿರುತ್ತದೆ, ಚಾರ್ಜ್ ಮಾಡಿದರೆ ಬಿಟ್ಟುಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹಳೆಯ ಜೇನಿನಂತೆ ಹರಳುಗಟ್ಟುತ್ತದೆ. ಆಮೇಲೆ ಯಾವ ಚಾರ್ಜರಿಗೂ ಜಗ್ಗುವುದಿಲ್ಲ. ಚಳಿಯ ದೇಶದವರು ಹಿಮ ಬಿದ್ದಾಗ ಬ್ಯಾಟರಿಯ ಚಿಂತೆ ಮಾಡುತ್ತಾರೆ. ಬಾಗಿಲು ಮುಚ್ಚಿದ ಹ್ಯಾಂಗರಿನ ಸೆಕೆಯಲ್ಲಿ ನಾಲ್ಕು ತಿಂಗಳು ನಿಲ್ಲಿಸುವ ನಾವು ಅವರಿಗಿಂತ ಹೆಚ್ಚು ಚಿಂತೆ ಮಾಡಬೇಕು. 1928ರಲ್ಲಿ ಜುಹುವಿನಲ್ಲಿ ಹುಟ್ಟಿದ ಬಾಂಬೆ ಫ್ಲೈಯಿಂಗ್ ಕ್ಲಬ್ ಈಗ ವಿಮಾನ ತರಬೇತಿ ನಡೆಸುವ ಧುಳೆಯಲ್ಲಿ ಉಪ್ಪುಗಾಳಿಯ ಕಾಟವಿಲ್ಲ, ನಿಜ. ಆದರೆ ಏಪ್ರಿಲ್-ಮೇ ತಿಂಗಳ ಖಾನ್‌ದೇಶದ ಬಿಸಿಲು ಬ್ಯಾಟರಿಗೆ ಅಷ್ಟೇ ಕ್ರೂರಿ.

ಇದರ ಮೇಲೆ ಸಣ್ಣಪುಟ್ಟ ಸೋರಿಕೆ. ಮಾಸ್ಟರ್ ಸ್ವಿಚ್ ಆರಿಸಿದರೂ ಗಡಿಯಾರದಂಥ ಕೆಲವು ನೇರವಾಗಿ ಬ್ಯಾಟರಿಯಿಂದಲೇ ಉಣ್ಣುತ್ತವೆ. ಕೇವಲ 10 ಮಿಲಿ ಆಂಪಿಯರ್ ಎಂದುಕೊಳ್ಳಿ: ತಿಂಗಳಿಗೆ ಏಳು ಆಂಪಿಯರ್-ಅವರ್ ಮಾಯ. ಸೆಸ್ನಾ 152ರ 24 ವೋಲ್ಟಿನ ಬ್ಯಾಟರಿಯ ಒಟ್ಟು ಸಾಮರ್ಥ್ಯ ಮಾಮೂಲಾಗಿ 14 ಆಂಪಿಯರ್-ಅವರ್. ಒಂದು ಆಷಾಢ ಮುಗಿಯುವಷ್ಟರಲ್ಲಿ ಅರ್ಧ ಖಾಲಿ! ಮಾಸ್ಟರ್ ಸ್ವಿಚ್ಚನ್ನೇ ಹಾಗೆ ಬಿಟ್ಟು ಮನೆಗೆ ಹೋದರಂತೂ ಒಂದೇ ರಾತ್ರಿ ಸಾಕು. ಅದಕ್ಕೇ ಹಳೆಯ ಪೈಲಟ್‌ಗಳು ಬೀಕನ್ ದೀಪದ ಸ್ವಿಚ್ಚನ್ನು ಯಾವಾಗಲೂ ಆನ್ ಇಟ್ಟಿರುತ್ತಾರೆ. ಮಾಸ್ಟರ್ ಆರಿಸಲು ಮರೆತರೆ ಬಾಲದ ಮೇಲೆ ಕೆಂಪು ದೀಪ ಮಿನುಗುತ್ತಲೇ ಇರುತ್ತದೆ, ಹ್ಯಾಂಗರಿನ ವಾಚ್‌ಮನ್ ಕೂಡ ಕೂಗಿ ಹೇಳಬಲ್ಲ. ಕಾಸಿಲ್ಲದ ಈ ಉಪಾಯ ನನಗೆ ಬಹಳ ಪ್ರಿಯ.

ಇನ್ನೊಂದು ಅಭ್ಯಾಸವನ್ನು ನಾನು ಒಪ್ಪಲಾರೆ. ವಾರಕ್ಕೊಮ್ಮೆ ಬಂದು ಹತ್ತು ನಿಮಿಷ ಎಂಜಿನ್ ಓಡಿಸಿ, ‘ಬ್ಯಾಟರಿ ಚಾರ್ಜ್ ಆಯಿತು’ ಎಂದು ಸಮಾಧಾನಪಟ್ಟುಕೊಳ್ಳುವುದು. ನಿಧಾನ ವೇಗದಲ್ಲಿ ಆಲ್ಟರ್ನೇಟರ್ ಕೊಡುವುದು ಕಡಿಮೆ. ಅಷ್ಟು ಹೊತ್ತಿನಲ್ಲಿ ಅರೆಬರಿದಾದ ಬ್ಯಾಟರಿ ತುಂಬುವುದಿಲ್ಲ. ಎಂಜಿನ್ ಎಣ್ಣೆಯೂ ನೀರಿನ ಪಸೆ ಆವಿಯಾಗಿ ಹೋಗುವಷ್ಟು ಕಾಯುವುದಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಾವಿ ಒಳಗೇ ಉಳಿದು, ಮುಂಬೈಯ ಮಳೆಗಾಲದ ತೇವದ ಜೊತೆ ಸೇರಿ ಕ್ಯಾಮ್‌ಶಾಫ್ಟಿಗೆ ತುಕ್ಕು ಹಿಡಿಸುತ್ತದೆ. ಬ್ಯಾಟರಿ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡಂತೆ.

ಮಳೆಗಾಲಕ್ಕೆ ನನ್ನ ಮತ ಸ್ಪಷ್ಟ: ಬ್ಯಾಟರಿಯನ್ನು ವಿಮಾನದಿಂದ ಇಳಿಸಿ, ಪೂರ್ತಿ ತುಂಬಿಸಿ, ಗಾಳಿಯಾಡುವ ಬ್ಯಾಟರಿ ಕೋಣೆಯಲ್ಲಿಡಬೇಕು. ಲೈಸೆನ್ಸ್ ಇರುವ ಎಂಜಿನಿಯರ್ ಸಾಹೇಬರ ಕಣ್ಣೆದುರೇ ಇದು ನಡೆಯಲಿ. ಬಿಚ್ಚುವಾಗ ಮೊದಲು ನೆಗೆಟಿವ್ ತಂತಿ, ಜೋಡಿಸುವಾಗ ಅದೇ ಕೊನೆಗೆ. ಬ್ಯಾಟರಿ ತೆಗೆದು ಖಾಲಿಯಾದ ಪೆಟ್ಟಿಗೆಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿದರೆ ಚೆಲ್ಲಿದ ಆಮ್ಲ ಸತ್ತುಹೋಗುತ್ತದೆ. ಆ ನೀರಿನ ಒಂದು ಹನಿಯೂ ಸೆಲ್‌ಗಳ ಒಳಗೆ ಬೀಳಬಾರದು. ಡಿಸ್ಟಿಲ್ಡ್ ವಾಟರ್ ಹಾಕುವ ಹಳೆಯ ಮಾದರಿಯಾದರೆ ಚಾರ್ಜ್ ಮುಗಿದ ಮೇಲೆ ಮಟ್ಟ ಸರಿಮಾಡಬೇಕು. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ದ್ರವ ಮೇಲೇರಿ ಉಕ್ಕುತ್ತದೆ.

ಜುಹುವಿಗೆ ವಿಶೇಷವಾದ ಒಂದು ಎಚ್ಚರಿಕೆ ಇದೆ. ಅಲ್ಲಿ ಇಂದು ಹೆಲಿಕಾಪ್ಟರ್‌ಗಳದೇ ರಾಜ್ಯ, ಸಮುದ್ರದ ತೈಲಬಾವಿಗಳಿಗೆ ಹೋಗಿಬರುವ ಓಡಾಟ. ಟರ್ಬೈನ್ ಹೆಲಿಕಾಪ್ಟರ್‌ಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸಾಮಾನ್ಯ. ಅದರೊಳಗಿನದು ಕ್ಷಾರ, ನಮ್ಮದು ಆಮ್ಲ. ಒಂದರ ಆವಿ, ಒಂದರ ಹೈಡ್ರೋಮೀಟರ್, ಒಂದರ ಸ್ಕ್ರೂಡ್ರೈವರ್ ಕೂಡ ಇನ್ನೊಂದಕ್ಕೆ ವಿಷ. ಎರಡಕ್ಕೂ ಬೇರೆ ಕೋಣೆ, ಬೇರೆ ಉಪಕರಣ ಇರಲೇಬೇಕು. ಜಾಗದ ಬರಗಾಲದ ಈ ಊರಿನಲ್ಲೂ ಇದರಲ್ಲಿ ರಾಜಿ ಸಲ್ಲದು.

ಚಾರ್ಜರ್ ಬಗ್ಗೆ ಜಿಪುಣತನ ಬೇಡ. ಕಾರಿನ ಅಗ್ಗದ ಚಾರ್ಜರ್ ಹಚ್ಚಿ ಮರೆತುಬಿಟ್ಟರೆ ಆಮ್ಲ ಕುದಿದು ತಗಡು ಸವೆಯುತ್ತದೆ. ಕೆಲವು ಕಾರ್ ಚಾರ್ಜರ್‌ಗಳಲ್ಲಿ ಹರಳು ಒಡೆಯುವ ಹೆಸರಿನಲ್ಲಿ ವೋಲ್ಟೇಜ್ ಏರಿಸುವ ಗುಂಡಿಯೂ ಉಂಟು. ಸೀಲ್ ಮಾಡಿದ ಬ್ಯಾಟರಿಗೆ ಅದು ಕೊರಳಿಗೆ ಕುತ್ತು. ಬೇಕಾದದ್ದು ಬ್ಯಾಟರಿ ತಯಾರಕರು ಒಪ್ಪಿದ, ತುಂಬಿದ ಮೇಲೆ ತಾನೇ ಮೆತ್ತಗಾಗುವ, ಸೆಕೆ ಏರಿದರೆ ವೋಲ್ಟೇಜ್ ಇಳಿಸುವ ಚಾರ್ಜರ್. ಪ್ರತಿ ಡಿಗ್ರಿಗೆ ಪ್ರತಿ ಸೆಲ್ಲಿಗೆ ಮೂರು-ನಾಲ್ಕು ಮಿಲಿವೋಲ್ಟ್ ಎಂದರೆ ಏನು ಮಹಾ ಅನಿಸಬಹುದು. 24 ವೋಲ್ಟಿನ ಬ್ಯಾಟರಿಯ 12 ಸೆಲ್, ಹತ್ತು ಡಿಗ್ರಿ ಹೆಚ್ಚಿನ ಸೆಕೆ ಎಂದರೆ ಹತ್ತಿರ ಹತ್ತಿರ ಅರ್ಧ ವೋಲ್ಟ್ ವ್ಯತ್ಯಾಸ. ವರ್ಷಗಟ್ಟಲೆ ಆ ಅರ್ಧ ವೋಲ್ಟ್ ತಿಂದ ಬ್ಯಾಟರಿ ಬೇಗ ಮುದಿಯಾಗುತ್ತದೆ.

ಅಳತೆಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಒಂದು ಒಳ್ಳೆಯ ಮಲ್ಟಿಮೀಟರ್ ಸಾಕು. ಚಾರ್ಜರ್ ತೆಗೆದು ರಾತ್ರಿಯಿಡೀ ಸುಮ್ಮನಿಟ್ಟ ಮೇಲೆ 24 ವೋಲ್ಟಿನ ತುಂಬಿದ ಬ್ಯಾಟರಿ 25.5ರ ಆಚೀಚೆ ತೋರಬೇಕು. 25ಕ್ಕೆ ಇಳಿದರೆ ಮತ್ತೆ ತುಂಬಿಸಿ. ಆದರೆ ವೋಲ್ಟೇಜ್ ಒಂದನ್ನೇ ನಂಬಿದವರು ಮೋಸಹೋಗುತ್ತಾರೆ. ಸಾಮರ್ಥ್ಯ ಅರ್ಧಕ್ಕೆ ಕುಸಿದ ಮುದಿ ಬ್ಯಾಟರಿಯೂ ತುಂಬಿದ ಹೊಸತರಲ್ಲಿ ಚಂದದ ಅಂಕಿಯನ್ನೇ ತೋರಿಸುತ್ತದೆ, ಎಂಜಿನ್ನನ್ನೂ ಸ್ಟಾರ್ಟ್ ಮಾಡಿಬಿಡುತ್ತದೆ. ನಿಜವಾದ ಪರೀಕ್ಷೆ ಸಾಮರ್ಥ್ಯ ಪರೀಕ್ಷೆ. ತುಂಬಿದ ಬ್ಯಾಟರಿಯಿಂದ ಅದರ ಒಂದು ಗಂಟೆಯ ದರದಲ್ಲಿ, ಅಂದರೆ ಹೊಸ ಬ್ಯಾಟರಿ ಒಂದು ಗಂಟೆಯಲ್ಲಿ ಬರಿದಾಗುವ ವೇಗದಲ್ಲಿ, ಕರೆಂಟು ಎಳೆಯುತ್ತ, 20 ವೋಲ್ಟಿಗೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು. ತಯಾರಕರನ್ನು ನೋಡಿಕೊಂಡು ಶೇಕಡ 80 ಅಥವಾ 85 ಬೇಕು, ಅಂದರೆ 48 ಇಲ್ಲವೇ 51 ನಿಮಿಷ. ಅಷ್ಟು ಬಾಳದಿದ್ದರೆ ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಅದನ್ನು ವಿಮಾನಕ್ಕೆ ಹಾಕಬೇಡಿ. ಆಲ್ಟರ್ನೇಟರ್ ಸತ್ತ ಮೇಲೆ ಮೋಡದ ನಡುವೆ ರೇಡಿಯೊ ಎಷ್ಟು ಹೊತ್ತು ಮಾತಾಡೀತು ಎಂಬುದು ಈ ನಿಮಿಷಗಳಲ್ಲೇ ನಿರ್ಧಾರವಾಗುತ್ತದೆ. ಈ ಪರೀಕ್ಷೆಗೆ ಮಳೆಗಾಲದ ಬಿಡುವಿಗಿಂತ ಒಳ್ಳೆಯ ಮುಹೂರ್ತ ಇನ್ನೊಂದಿಲ್ಲ.

ಅಕ್ಟೋಬರಿನಲ್ಲಿ ಬ್ಯಾಟರಿ ಮತ್ತೆ ತನ್ನ ಪೆಟ್ಟಿಗೆ ಸೇರಿದ ಮೇಲೆ ಮೊದಲ ಹಾರಾಟದಲ್ಲಿ ಅಮ್ಮೀಟರ್ ಮೇಲೆ ಕಣ್ಣಿಡಿ. ಸ್ಟಾರ್ಟ್ ಆದ ಕೂಡಲೇ ಮುಳ್ಳು ಚಾರ್ಜಿನ ಕಡೆ ಏರುವುದು ಸಹಜ. ಅರ್ಧ ಗಂಟೆ ಸಮನಾಗಿ ಹಾರಿದ ಮೇಲೂ ಅದು ಎರಡು ಮುಳ್ಳಿನ ಅಗಲಕ್ಕಿಂತ ಕೆಳಗೆ ಇಳಿಯದಿದ್ದರೆ ವೋಲ್ಟೇಜ್ ರೆಗ್ಯುಲೇಟರ್ ಹೆಚ್ಚು ತುರುಕುತ್ತಿರಬಹುದು, ಇಲ್ಲವೇ ಬ್ಯಾಟರಿಯಲ್ಲೊಂದು ಸೆಲ್ ಕೆಟ್ಟಿರಬಹುದು. ಇಳಿದವರೇ ಲಾಗ್‌ಬುಕ್ಕಿನಲ್ಲಿ ಬರೆದು ಎಂಜಿನಿಯರ್ ಕೈಗೆ ಕೊಡಿ.