ಭೀಮಾ ದಂಡೆಯ ಚರಿತ್ರೆ: ಡಿಜಿಟಲ್ ನಕಾಶೆ ಮತ್ತು ಯಂತ್ರದ ಓದು

ಹಳೆಯ ದಾಖಲೆಗಳಲ್ಲಿ ಬರುವ ಊರು, ಕೆರೆ, ದಾರಿ, ಗಡಿಗಳನ್ನು ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಿ ಪದರಪದರವಾಗಿ ಒಂದೇ ನಕಾಶೆಯ ಮೇಲೆ ಇಡುವುದು ಡಿಜಿಟಲ್ ನಕ್ಷೀಕರಣ. ಅದೇ ದಾಖಲೆಗಳನ್ನು ಯಂತ್ರ ಓದಬಲ್ಲ ಪಠ್ಯವಾಗಿಸಿ ಹೆಸರು, ತೇದಿ, ಹುದ್ದೆ, ದತ್ತಿಗಳನ್ನು ಅದರಿಂದ ಹೆಕ್ಕುವುದು ಭಾಷಾ ತಂತ್ರಜ್ಞಾನ. ನಕಾಶೆಗೆ ಬೇಕಾದ ಹೆಸರುಗಳು ಪಠ್ಯದೊಳಗಿವೆ, ಆ ಹೆಸರುಗಳಿಗೆ ಅರ್ಥ ಬರುವುದು ನೆಲದ ಮೇಲೆ; ಆದ್ದರಿಂದ ಇವೆರಡೂ ಕೂಡಿ ನಡೆದಾಗಲೇ ಇತಿಹಾಸಕಾರರಿಗೆ ಪ್ರಯೋಜನ. ಈ ಪದ್ಧತಿ ಎಷ್ಟು ಭಾರ ಹೊರಬಲ್ಲದು ಎಂದು ಪರೀಕ್ಷಿಸಲು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಕಣ ಕನ್ನಡ ನಾಡಿನಲ್ಲಿ ವಿರಳ. ಮೂರೂ ಕಡೆ ದಾಖಲೆ ದಟ್ಟವಾಗಿದೆ, ಆದರೆ ಅದು ಹಲವು ಲಿಪಿಗಳಲ್ಲಿ, ಹಲವು ಆಡಳಿತಗಳಲ್ಲಿ, ಹಲವು ಊರುಗಳ ಸಂಗ್ರಹಗಳಲ್ಲಿ ಹಂಚಿಹೋಗಿದೆ.

ಭೀಮಾ ನದಿ ಅಫಜಲಪುರದ ಅಂಚಿನಲ್ಲಿ ಜಿಲ್ಲೆಯನ್ನು ಮುಟ್ಟಿ, ಜೇವರ್ಗಿಯನ್ನು ಬಲದಂಡೆಗೆ ಬಿಟ್ಟು ಕೆಳಗೆ ಹರಿಯುತ್ತದೆ. ಆಳಂದ ಸೀಮೆಯಲ್ಲಿ ಹುಟ್ಟಿದ ಅಮರ್ಜಾ ದೇವಲ ಗಾಣಗಾಪುರದಲ್ಲಿ ಅದನ್ನು ಸೇರುತ್ತದೆ. ಇನ್ನೂ ಕೆಳಗೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ಆಳಂದೆ ಸಾಸಿರ ಎಂಬ ಆಡಳಿತ ವಿಭಾಗವಿತ್ತು. ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಜೇವರ್ಗಿಯ ಕಡೆಗಿನ ಹಾದಿಯಲ್ಲೇ ಭೀಮೆಯ ಎಡದಂಡೆಗೆ ಫಿರೋಜಾಬಾದನ್ನು ಕಟ್ಟಿಸಿದ. ಆಳಂದದಲ್ಲಿ ಲಾಡ್ಲೆ ಮಶಾಯಿಕ್ ದರ್ಗಾ ಇದೆ, ಗಾಣಗಾಪುರದಲ್ಲಿ ನರಸಿಂಹ ಸರಸ್ವತಿಗಳ ಪರಂಪರೆ. ಮುಂದೆ ಆದಿಲಶಾಹಿ, ಮೊಗಲ, ನಿಜಾಮರ ಕಾಲದ ಕಾಗದಪತ್ರಗಳು ಪಾರಸಿ, ಉರ್ದುಗಳಲ್ಲಿ, ಮರಾಠಿಯ ಮೋಡಿ ಲಿಪಿಯಲ್ಲಿ ಬೆಳೆದವು.

ಇಷ್ಟೊಂದು ಸಾಮಗ್ರಿಯಿದ್ದರೂ ಅದನ್ನು ಕೂಡಿಹಾಕಿದ ಚರಿತ್ರೆ ಅಸಮವಾಗಿದೆ. ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಹಳ್ಳಿಗಳನ್ನು ಶೋಧಿಸಿ ಸುಮಾರು 9,000 ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ತಂದರು. ಈ ಮೂರು ತಾಲ್ಲೂಕುಗಳಿದ್ದ ನಿಜಾಮರ ಸೀಮೆಗೆ ಆ ಕೆಲಸ ತಲುಪಲಿಲ್ಲ. ಹೈದರಾಬಾದ್ ಪುರಾತತ್ತ್ವ ಇಲಾಖೆ ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಶುರುವಾದದ್ದೇ 1914ರಲ್ಲಿ. ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿ ಸಂಪಾದಿಸಿದ ಸಂಪುಟ ಬಂದಾಗ 1958. ಅಷ್ಟರಲ್ಲಿ ಆ ರಾಜ್ಯವೇ ಇರಲಿಲ್ಲ.

ಶಾಸನಗಳನ್ನು ಚುಕ್ಕೆಗಳಾಗಿ ನಕಾಶೆಯ ಮೇಲೆ ಚೆಲ್ಲುವ ಯಾವ ಯೋಜನೆಯೂ ಮೊದಲು ಎದುರಿಸಬೇಕಾದ ಸಂಗತಿ ಈ ಅಸಮತೆ. ಕರ್ನಾಟಕದ ನಕಾಶೆಯಲ್ಲಿ ತೆಂಕಣದ ಚುಕ್ಕೆಗಳು ಕಿಕ್ಕಿರಿದು ಬಡಗಣದ ಚುಕ್ಕೆಗಳು ವಿರಳವಾದರೆ, ಅದರಿಂದ ಹನ್ನೊಂದನೆಯ ಶತಮಾನದ ಜನವಸತಿಯನ್ನೋ ದಾನಶೀಲತೆಯನ್ನೋ ಊಹಿಸುವುದು ತಪ್ಪು. ಆ ನಕಾಶೆ ಮುಖ್ಯವಾಗಿ ತೋರಿಸುವುದು ಶೋಧಕರು ಎಲ್ಲಿ ನಡೆದರು, ಯಾವ ಸರ್ಕಾರ ಹಣ ಕೊಟ್ಟಿತು ಎಂಬುದನ್ನು. ಪ್ರತಿ ಹಳ್ಳಿಯ ಜೊತೆಗೆ ‘ಶೋಧ ನಡೆದಿದೆ, ಏನೂ ಸಿಕ್ಕಿಲ್ಲ’, ‘ಶೋಧ ನಡೆದಿಲ್ಲ’ ಎಂಬ ಎರಡು ಸ್ಥಿತಿಗಳನ್ನು ಬೇರೆ ಬಣ್ಣದಲ್ಲಿ ತೋರಿಸದ ನಕಾಶೆಯನ್ನು ಸಂಶೋಧನೆಯ ಆಧಾರವಾಗಿ ಒಪ್ಪಬಾರದು. ಇಂದು ಕಾಣಸಿಗುವ ಬಹುಪಾಲು ಚುಕ್ಕೆ ನಕಾಶೆಗಳು ಈ ಒಂದು ಪರೀಕ್ಷೆಯಲ್ಲೇ ಸೋಲುತ್ತವೆ.

ಎರಡನೆಯ ತೊಡಕು ಊರುಗಳನ್ನು ಗುರುತಿಸುವುದು. ಆಳಂದೆ ಎಂದು ಓದಿದ ಯಂತ್ರ ಪುಣೆಯ ಬಳಿಯ ಆಳಂದಿಗೆ ಚುಕ್ಕೆ ಇಡಬಹುದು. ಅಫಜಲಪುರ ಎಂಬ ಹೆಸರು ಭೀಮೆಯ ದಂಡೆಯ ತಾಲ್ಲೂಕು ಕೇಂದ್ರಕ್ಕಿರುವಂತೆ ವಿಜಯಪುರದ ಹೊರವಲಯದಲ್ಲಿ ಅಫಜಲಖಾನನ ನೆನಪಿರುವ ಜಾಗಕ್ಕೂ ಇತ್ತು. ಜೇವರ್ಗಿ, ಜೇವರಗಿ, ರೋಮನ್ ಲಿಪಿಯ ಹಲವು ಬರಹಗಳು, ಉರ್ದು ಕಡತದ ಇನ್ನೊಂದು ರೂಪ ಎಲ್ಲವೂ ಒಂದೇ ಊರಿಗೆ ಸೇರಬೇಕು. ಆಡಳಿತದ ಗಡಿಗಳಂತೂ ನಿಂತಲ್ಲಿ ನಿಂತಿಲ್ಲ: ಸುರಪುರ, ಶಹಾಪುರಗಳು ಈಗ ಯಾದಗಿರಿ ಜಿಲ್ಲೆಯಲ್ಲಿವೆ, ಜೇವರ್ಗಿಯಿಂದ ಯಡ್ರಾಮಿ ಬೇರೆ ತಾಲ್ಲೂಕಾಗಿದೆ, 2014ರಲ್ಲಿ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. 1958ರ ಪುಸ್ತಕದ ವಿಳಾಸವನ್ನು ಇಂದಿನ ಪಟ್ಟಿಗೆ ಹಾಗೆಯೇ ಜೋಡಿಸಿದರೆ ಊರುಗಳು ತಪ್ಪಿಹೋಗುತ್ತವೆ.

ಕಂದಾಯ ದಾಖಲೆಗಳು ಬೇಚಿರಾಗ್ ಅಥವಾ ಬೇಚರಾಕ್ ಎಂದು ಕರೆಯುವ ಜನವಸತಿಯಿಲ್ಲದ ಗ್ರಾಮಗಳು ಇಲ್ಲಿ ತುಂಬ ಮುಖ್ಯ. ಶಾಸನ ಹೆಸರಿಸುವ ಹಳ್ಳಿ ಇಂದಿನ ಜನಗಣತಿ ಪಟ್ಟಿಯಲ್ಲಿ ಕಾಣದಿದ್ದರೆ ಅದು ಮಣ್ಣಾಗಿದೆ ಎಂದಲ್ಲ. ಪಕ್ಕದ ಊರಿನ ಸರ್ವೆ ನಂಬರುಗಳೊಳಗೆ, ಹಾಳು ಗುಡಿಯ ಸುತ್ತ, ಹೊಲದ ಹೆಸರಾಗಿ ಅದು ಉಳಿದಿರಬಹುದು. ಸರ್ವೆ ನಂಬರಿನ ಗಡಿಯನ್ನು ಮೊಬೈಲ್‌ನಲ್ಲಿ ತೋರಿಸುವ ರಾಜ್ಯದ ದಿಶಾಂಕ್ ಆ್ಯಪ್ ಇತಿಹಾಸಕ್ಕಾಗಿ ಹುಟ್ಟಿದ್ದಲ್ಲ, ಆದರೆ ಕ್ಷೇತ್ರಕಾರ್ಯ ಮಾಡುವ ಇತಿಹಾಸಕಾರರಿಗೆ ಅದಕ್ಕಿಂತ ಉಪಯುಕ್ತ ಸಾಧನ ಸದ್ಯಕ್ಕೆ ಇಲ್ಲ. ಅದೂ ಸಾಲದು. ಭೀಮೆಯ ನೆರೆಗೆ ಊರುಗಳು ಎತ್ತರಕ್ಕೆ ಸರಿದಿವೆ; ಶಾಸನದ ಕಲ್ಲುಗಳು ಮೆಟ್ಟಿಲಾಗಿ, ತೊಲೆಯಾಗಿ, ಸಂಗ್ರಹಾಲಯದ ವಸ್ತುವಾಗಿ ಜಾಗ ಬದಲಿಸಿವೆ. ಕಲ್ಲು ಸಿಕ್ಕಿದ ಜಾಗ, ಕಲ್ಲು ಮಾತಾಡುವ ಜಾಗ, ಕಲ್ಲು ಈಗಿರುವ ಜಾಗ ಎಂಬ ಮೂರು ಬಿಂದುಗಳನ್ನು ಬೇರೆಬೇರೆಯಾಗಿ ದಾಖಲಿಸಬೇಕು.

ಗಡಿ ಎಳೆಯುವಾಗ ತಂತ್ರಜ್ಞಾನ ಇನ್ನೂ ದೊಡ್ಡ ತಪ್ಪಿಗೆ ದಾರಿ ಮಾಡುತ್ತದೆ. ಆಳಂದೆ ಸಾಸಿರದ ‘ಸಾಸಿರ’ ಹಳ್ಳಿಗಳ ಎಣಿಕೆಯೋ, ಕಂದಾಯದ ಅಳತೆಯೋ, ರೂಢಿಯ ಸಂಖ್ಯೆಯೋ ಎಂಬ ಚರ್ಚೆ ಮುಗಿದಿಲ್ಲ. ಶಾಸನಗಳು ಕೊಡುವುದು ಆ ನಾಡಿಗೆ ಸೇರಿದ ಕೆಲವು ಊರುಗಳ ಹೆಸರನ್ನು ಮಾತ್ರ, ಗಡಿರೇಖೆಯನ್ನಲ್ಲ. ಭೂ ಮಾಹಿತಿ ತಂತ್ರಾಂಶ ಮಾತ್ರ ಬಿಂದುಗಳ ಸುತ್ತ ಮುಚ್ಚಿದ ಆಕೃತಿಯನ್ನು ಕ್ಷಣದಲ್ಲಿ ಎಳೆದು ಬಣ್ಣ ತುಂಬುತ್ತದೆ. ಹಾಗೆ ತುಂಬಿದ ಬಣ್ಣ ಇಂದಿನ ತಾಲ್ಲೂಕಿನಂಥ ನಿಖರ ಗಡಿ ಅಂದೂ ಇತ್ತು ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ, ಪಠ್ಯಪುಸ್ತಕಕ್ಕೆ ಹೋದ ಮೇಲೆ ಅದನ್ನು ಅಳಿಸುವುದು ಕಷ್ಟ. ದತ್ತಿ ಭೂಮಿಯ ಅಳತೆಗೂ ಇದೇ ಮಾತು. ಮತ್ತರು, ಕಮ್ಮಗಳು ಅಳೆಯುವ ಕೋಲಿನಂತೆ ಊರಿಂದೂರಿಗೆ ಬದಲಾಗುತ್ತಿದ್ದವು; ಅವನ್ನು ಎಕರೆಗೆ ಪರಿವರ್ತಿಸಿ ಮೊತ್ತ ಹಾಕಿದ ಕೋಷ್ಟಕಗಳು ಅಂದವಾಗಿ ಕಾಣುತ್ತವೆ, ನಂಬಿಕೆಗೆ ಅರ್ಹವಲ್ಲ.

ಇನ್ನು ನಕಾಶೆ ನಿಜವಾಗಿ ಗೆಲ್ಲುವ ಕಡೆಗಳಿವೆ. ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆಗಳನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದರೆ ಬಂಡಿದಾರಿ, ನದಿಯ ದಾಟುಗಳು, ಬತ್ತಿದ ಹಳ್ಳಗಳು ಮರಳಿ ಕಾಣಿಸುತ್ತವೆ. ಅಲ್ಲೊಂದು ಎಚ್ಚರ ಬೇಕು: ಆ ಹಾಳೆಗಳು ಎವರೆಸ್ಟ್ ಎಂಬ ಹಳೆಯ ಭೂಮಾಪನ ಮಾನದ ಮೇಲೆ ನಿಂತಿವೆ, ಜಿಪಿಎಸ್ ಬೇರೆ ಮಾನ ಬಳಸುತ್ತದೆ, ಪರಿವರ್ತಿಸದೆ ಇಟ್ಟರೆ ಗುಡಿ ನೂರಾರು ಮೀಟರ್ ಸರಿದು ಹೊಳೆಯಲ್ಲಿ ನಿಲ್ಲುತ್ತದೆ. 1960ರಿಂದ 1972ರವರೆಗೆ ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹಗಳು ತೆಗೆದ ಚಿತ್ರಗಳು 1995ರಲ್ಲಿ ಮುಕ್ತವಾದವು. ಕೊರಹಳ್ಳಿ ಬಳಿಯ ಅಮರ್ಜಾ ಜಲಾಶಯ, ಸೊನ್ನದ ಬ್ಯಾರೇಜು, ಕೃಷ್ಣಾ ಮೇಲ್ದಂಡೆಯ ಜೇವರ್ಗಿ ಶಾಖಾ ಕಾಲುವೆ ನೆಲದ ಮುಖವನ್ನು ಬದಲಿಸುವ ಮುಂಚಿನ ಸ್ಥಿತಿ ತಿಳಿಯಲು ಇಂಥ ಚಿತ್ರಗಳಿಗೆ ಸಾಟಿಯಿಲ್ಲ. ಭೂ ಮಾಹಿತಿಯ ಸಾಮಗ್ರಿಯನ್ನು ಸಾಮಾನ್ಯರಿಗೂ ತೆರೆದ 2021ರ ಕೇಂದ್ರದ ಮಾರ್ಗಸೂಚಿಯಿಂದ ಈ ಕೆಲಸ ಹಗುರವಾಗಿದೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಪ್ರಕಟಿಸಿದ ಫಿರೋಜಾಬಾದ್ ಅಧ್ಯಯನ ಈ ಉಪಕರಣಗಳ ಮೊದಲಿನದು. ನೆಲದ ಮೇಲೆ ಗೋಡೆಗೋಡೆ ಅಳೆದು ಬರೆದ ಅಂಥ ನಕಾಶೆಯೇ ಇಂದಿಗೂ ಮಾನದಂಡ. ಉಪಗ್ರಹ ಚಿತ್ರ ಅದಕ್ಕೆ ಪೂರಕ ಮಾತ್ರ.

ಭಾಷಾ ತಂತ್ರಜ್ಞಾನದಲ್ಲಿ ಮೊದಲ ಮೆಟ್ಟಿಲು ಅಕ್ಷರ ಗುರುತಿಸುವಿಕೆ. ಅಚ್ಚಾದ ಕನ್ನಡ ಪುಟಕ್ಕೆ ಟೆಸರಾಕ್ಟ್, ಭಾರತೀಯ ವಿಜ್ಞಾನ ಸಂಸ್ಥೆಯ ಲಿಪಿ ಜ್ಞಾನಿ ಮೊದಲಾದ ತಂತ್ರಾಂಶಗಳಿವೆ, ಆಧುನಿಕ ಗದ್ಯವನ್ನು ಅವು ಚೆನ್ನಾಗಿಯೇ ಓದುತ್ತವೆ. ಶಾಸನ ಸಂಪುಟದ ಪುಟ ಬೇರೆ ಜಾತಿಯದು. ಸಾಲುಸಂಖ್ಯೆ, ಆವರಣ, ಅಡಿಟಿಪ್ಪಣಿಗಳು ಪಠ್ಯದೊಳಗೆ ನುಗ್ಗುತ್ತವೆ. ಕಲ್ಲಿನ ಸಾಲು ಪದದ ನಡುವೆ ಮುರಿಯುವುದರಿಂದ ‘ಆಳಂ’ ಒಂದು ಸಾಲಿನ ಕೊನೆಗೆ, ‘ದೆ’ ಮುಂದಿನ ಸಾಲಿನ ಮೊದಲಿಗೆ ಬಂದು, ಹುಡುಕಿದವರಿಗೆ ಆ ಶಾಸನವೇ ಸಿಗದೆ ಹೋಗುತ್ತದೆ. ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ಒಂದೇ ಆಕಾರದವು. ಶಕವರ್ಷವೊಂದರಲ್ಲಿ ಒಂದು ಬಿಂದು ತಪ್ಪಿದರೆ ತೇದಿಯೇ ಕೆಡುತ್ತದೆ.

ಹಳೆಯ ಅಕ್ಷರಗಳ ಪಾಡು ಇನ್ನೂ ಗಂಭೀರ. ಱ ಮತ್ತು ೞ ಯೂನಿಕೋಡ್‌ನಲ್ಲಿ ಇವೆ. ೞಕ್ಕೆ ಆ ಪಟ್ಟಿಯಲ್ಲಿ ಮೊದಲು ಬಿದ್ದದ್ದು ‘ಫ’ ಎಂಬ ತಪ್ಪು ಹೆಸರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ನಿಯಮವಿಲ್ಲದ್ದರಿಂದ ತಿದ್ದುಪಡಿ ಅಡ್ಡಹೆಸರಾಗಿ ಮಾತ್ರ ಸೇರಿತು. ಸ್ವರವಿಲ್ಲದ ನ್ ಅನ್ನು ಬರೆಯುವ ನಕಾರಪೊಲ್ಲು ಸೇರಿದ್ದು 2021ರಲ್ಲಿ. ಈ ಅಕ್ಷರಗಳನ್ನು ತರಬೇತಿಯಲ್ಲಿ ಕಾಣದ ಯಂತ್ರ ೞವನ್ನು ಳ ಎಂದೋ ಱವನ್ನು ರ ಎಂದೋ ‘ಸರಿಪಡಿಸುತ್ತದೆ’. ಆ ಅಕ್ಷರಗಳು ಎಲ್ಲಿ ಉಳಿದಿವೆ, ಎಲ್ಲಿ ಕರಗಿವೆ ಎಂಬುದೇ ಶಾಸನದ ಕಾಲನಿರ್ಣಯಕ್ಕೆ ಒಂದು ಸಾಕ್ಷ್ಯ. ಅದನ್ನು ಅಳಿಸುವ ತಂತ್ರಾಂಶ ಎಷ್ಟೇ ವೇಗವಾಗಿರಲಿ, ಶಾಸನಾಧ್ಯಯನಕ್ಕೆ ಹಾನಿಯೇ.

ಸವೆದ ಅಕ್ಷರಗಳನ್ನು ಯಂತ್ರವೇ ತುಂಬಬಲ್ಲದು ಎಂಬ ಭರವಸೆಗೆ ಗ್ರೀಕ್ ಶಾಸನಗಳ ಉದಾಹರಣೆ ಬಲ ಕೊಟ್ಟಿದೆ. 2022ರಲ್ಲಿ ಪ್ರಕಟವಾದ ಇಥಾಕಾ ಎಂಬ ವ್ಯವಸ್ಥೆ ಸುಮಾರು 78,000 ಶಾಸನಗಳ ಸಂಗ್ರಹದಿಂದ ಕಲಿತು, ಕಳೆದ ಪಠ್ಯವನ್ನು ಶೇಕಡಾ 62ರಷ್ಟು ಸರಿಯಾಗಿ ತುಂಬಿತು; ತಾವೇ ತುಂಬಿದಾಗ ಶೇಕಡಾ 25ರಷ್ಟು ಸರಿಯಿದ್ದ ವಿದ್ವಾಂಸರು ಅದರ ನೆರವಿನಿಂದ ಶೇಕಡಾ 72ಕ್ಕೆ ಏರಿದರು. ಯಂತ್ರ ಮತ್ತು ವಿದ್ವಾಂಸರ ಜೋಡಿ ಒಬ್ಬೊಬ್ಬರಿಗಿಂತ ಮೇಲು ಎಂಬುದು ಅಲ್ಲಿನ ನಿಜವಾದ ಫಲಿತಾಂಶ. ಕನ್ನಡದ ಚಾಲುಕ್ಯ ಶಾಸನಗಳಲ್ಲಿ ರಾಜಪ್ರಶಸ್ತಿ, ಕೊನೆಯ ಶಾಪಾಶಯದ ಶ್ಲೋಕಗಳು ಸೂತ್ರಬದ್ಧವಾದವು. ಅವನ್ನು ಯಂತ್ರ ಸುಲಭವಾಗಿ ತುಂಬುತ್ತದೆ. ಆದರೆ ಇತಿಹಾಸಕಾರರಿಗೆ ಬೇಕಾದದ್ದು ನಡುವಿನ ಭಾಗ: ದಾನಿಯ ಹೆಸರು, ಹೊಲದ ಮೂಡಣ ಮೇರೆಯ ಹಳ್ಳ, ತೆಂಕಣ ದಿಕ್ಕಿನ ಮುತ್ತುಗದ ಮರ, ನೆಟ್ಟ ಲಿಂಗಮುದ್ರೆಯ ಕಲ್ಲು. ಅಲ್ಲಿ ಸೂತ್ರವಿಲ್ಲ, ಆದ್ದರಿಂದ ಊಹೆಗೆ ಬೆಲೆಯಿಲ್ಲ. ಇಂದಿನ ಕನ್ನಡವನ್ನೇ ಹೆಚ್ಚಾಗಿ ಓದಿ ಬೆಳೆದ ಭಾಷಾ ಮಾದರಿಗಳು ಈ ಜಾಗದಲ್ಲಿ ಇಂದು ಬಳಕೆಯಲ್ಲಿರುವ ಹೆಸರೊಂದನ್ನು ಅಳುಕಿಲ್ಲದೆ ಇಡಬಲ್ಲವು. ಯಂತ್ರ ತುಂಬಿದ ಪ್ರತಿ ಅಕ್ಷರ ಬೇರೆ ಗುರುತಿನಲ್ಲಿ ಉಳಿಯುವುದು ಕಡ್ಡಾಯವಾಗಬೇಕು.

ತೇದಿಗಳ ಪರಿವರ್ತನೆ ಯಂತ್ರಕ್ಕೆ ಹೊಂದುವ ಕೆಲಸ, ಅಲ್ಲಿ ಅದನ್ನು ಧಾರಾಳವಾಗಿ ಬಳಸಬೇಕು. ಶಕವರ್ಷ, ಸಂವತ್ಸರ, 1076ರಿಂದ ಎಣಿಸುವ ಚಾಲುಕ್ಯ ವಿಕ್ರಮ ವರ್ಷ, ಹಿಜರಿ, ಅಕ್ಟೋಬರಿನಲ್ಲಿ ಆರಂಭವಾಗಿ ಸುಮಾರು 590 ವರ್ಷ ಹಿಂದಿರುವ ನಿಜಾಮರ ಫಸಲಿ ಎಲ್ಲವೂ ಈ ಮೂರು ತಾಲ್ಲೂಕುಗಳ ದಾಖಲೆಗಳಲ್ಲಿ ಎದುರಾಗುತ್ತವೆ. ವಾರ, ತಿಥಿ, ಸಂಕ್ರಾಂತಿ ತಾಳೆಯಾಗದ ಶಾಸನಗಳನ್ನು ಕ್ಷಣದಲ್ಲಿ ಬೇರ್ಪಡಿಸಿ ತೋರಿಸಿದರೆ ವಿದ್ವಾಂಸರ ಎಷ್ಟೋ ದಿನ ಉಳಿಯುತ್ತದೆ.

ಪಾರಸಿ, ಉರ್ದು, ಮೋಡಿ ಕೈಬರಹಗಳ ಓದು ಇನ್ನೂ ಹಿಂದಿದೆ. 1884ರ ಸುಮಾರಿಗೆ ಹೈದರಾಬಾದಿನ ಆಡಳಿತ ಭಾಷೆ ಪಾರಸಿಯಿಂದ ಉರ್ದುವಿಗೆ ತಿರುಗಿತು. ಜಾಗೀರು, ಇನಾಮು, ಪಾಯಿಗಾ ಕಡತಗಳ ದೊಡ್ಡ ರಾಶಿ ಹೈದರಾಬಾದಿನ ತಾರ್ನಾಕಾದ ತೆಲಂಗಾಣ ಪತ್ರಾಗಾರದಲ್ಲಿದೆ. ಶಿಕಸ್ತಾ ಎಂಬ ಓಟದ ಕೈಬರಹದ ಶೈಲಿಯಲ್ಲಿ ಹಲವೆಡೆ ಅಕ್ಷರದ ಚುಕ್ಕೆಗಳೇ ಬೀಳುವುದಿಲ್ಲ, ಅದರೊಳಗೆ ಕನ್ನಡದ ಊರಹೆಸರು ಕುಳಿತಿರುತ್ತದೆ. ಮೋಡಿಗೆ ಯೂನಿಕೋಡ್ ಸಿಕ್ಕಿದ್ದೇ 2014ರಲ್ಲಿ. ಕಲಬುರಗಿ ಭಾಗದ ಹಳ್ಳಿಗಳ ಹೆಸರು ಬಲ್ಲವರು ಸಿದ್ಧಪಡಿಸಿದ ಪಟ್ಟಿಯ ಬೆಂಬಲವಿಲ್ಲದೆ ಈ ಕಡತಗಳ ಯಾಂತ್ರಿಕ ಓದಿಗೆ ಕೈಹಾಕುವುದು ವ್ಯರ್ಥ ಖರ್ಚು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಕನ್ನಡ, ಉರ್ದು, ಮರಾಠಿ ಮೂರೂ ಬಲ್ಲ ವಿದ್ಯಾರ್ಥಿಗಳು ಸಿಗುವ ಸೀಮೆಯಿದು. ಆ ಪಟ್ಟಿ ಇಲ್ಲೇ ಆಗಬೇಕು.

ಅನುಸರಿಸಲು ತಕ್ಕ ಮಾದರಿಯೊಂದು ರಾಜ್ಯದಲ್ಲೇ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಕಲ್ಲಿರುವ ಜಾಗವನ್ನು ನಕಾಶೆಗೆ ಸೇರಿಸಿ, ಅಕ್ಷರ ಅಕ್ಷರದ ಚಿತ್ರವನ್ನು ಬಿಡಿಸಿ ಮುಕ್ತವಾಗಿ ಹಂಚಿದೆ. ಮೊದಲಿನ ಓದಿನಲ್ಲಿ ತಪ್ಪಿದ್ದರೆ ಯಾರು ಬೇಕಾದರೂ ಕಲ್ಲಿನ ಮೇಲ್ಮೈಯನ್ನೇ ನೋಡಿ ವಾದಿಸಬಹುದು. ಪಠ್ಯವನ್ನು ಮಾತ್ರ ಕೊಡುವ ಜಾಲತಾಣಗಳಿಗಿಂತ ಈ ಕ್ರಮ ಎಷ್ಟೋ ಮೇಲು. ಭೀಮಾ ದಂಡೆಯ ಬಯಲಲ್ಲಿ ಬಿದ್ದ ಕಲ್ಲುಗಳಿಗೆ ಇದು ಮೊದಲು ಆಗಬೇಕಾದ ಕೆಲಸ; ನೆರೆ, ಗದ್ದೆಗೆಲಸ, ಗುಡಿಯ ಜೀರ್ಣೋದ್ಧಾರದ ಬಣ್ಣ ಯಾವುದೂ ಕಾಯುವುದಿಲ್ಲ.

ಕೊನೆಯದಾಗಿ ರಾಜ್ಯದ ಗಡಿ. ಆಳಂದ, ಅಫಜಲಪುರಗಳ ಆಚೆಗೆ ಮಹಾರಾಷ್ಟ್ರದ ಉಮರ್ಗಾ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳು. ಭೀಮಾ ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಶಕ 940ರ, ಎಂದರೆ 1018ರ ಮರಾಠಿ ಬರಹವಿದೆ. ಅದೇ ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ 1988ರಲ್ಲಿ ಸಂಪಾದಿಸಿ ಕೊಟ್ಟಿದ್ದಾರೆ. ಆಳಂದೆ ಸಾಸಿರದ ಊರುಗಳನ್ನು ಗುರುತಿಸುವವರಿಗೆ ಆ ಸಂಪುಟವೂ ದೇಸಾಯಿಯವರ ಸಂಪುಟದಷ್ಟೇ ಅವಶ್ಯ. ಆದರೆ ರಾಜ್ಯ ಸರ್ಕಾರದ ಹಣದಿಂದ ನಡೆಯುವ ಡಿಜಿಟಲ್ ಯೋಜನೆಯ ನಕಾಶೆ ರಾಜ್ಯದ ಗೆರೆಯಲ್ಲೇ ನಿಲ್ಲುತ್ತದೆ, ನದಿಯ ಅರ್ಧಭಾಗ ಖಾಲಿ ಕಾಣುತ್ತದೆ. ಜಿಲ್ಲೆಗೆ ಬದಲು ಭೀಮೆಯ ಕಣಿವೆಯನ್ನೇ ಘಟಕವಾಗಿಟ್ಟು, ಪ್ರತಿ ಊರಿಗೂ ಶಾಸನದ ರೂಪ, ಪಾರಸಿ ಉರ್ದು ರೂಪ, ಮೋಡಿ ರೂಪ, ಇಂದಿನ ಎರಡೂ ರಾಜ್ಯಗಳ ಅಧಿಕೃತ ರೂಪ, ಗುರುತಿನ ಖಚಿತತೆಯ ಮಟ್ಟ ಇಷ್ಟನ್ನು ಬರೆದ ಒಂದೇ ಸ್ಥಳನಾಮ ಕೋಶ ಸಿದ್ಧವಾದರೆ, ಅಕ್ಷರ ಓದುವ ಯಂತ್ರಕ್ಕೂ ನಕಾಶೆ ಎಳೆಯುವವರಿಗೂ ಅದೇ ಆಧಾರ.