‘ರಾಜದ್ರೋಹ’ವೆಂಬ ಪದ: ಠಾಣೆಯ ಒಂದು ನಿದರ್ಶನ

ಠಾಣೆಯ ಕಾರಾಗೃಹದಲ್ಲಿ 1910ರ ಏಪ್ರಿಲ್ 19ರಂದು ಅನಂತ ಲಕ್ಷ್ಮಣ ಕಾನ್ಹೇರೆ, ಕೃಷ್ಣಾಜಿ ಗೋಪಾಳ ಕರ್ವೆ, ವಿನಾಯಕ ನಾರಾಯಣ ದೇಶಪಾಂಡೆ ಇವರನ್ನು ಗಲ್ಲಿಗೇರಿಸಲಾಯಿತು. ಈ ಮೊಕದ್ದಮೆಯನ್ನು ‘ರಾಜದ್ರೋಹದ ವಿಚಾರಣೆ’ಯೆಂದು ಕರೆಯುವುದು ಸುಲಭ, ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ನಾಸಿಕದ ಕಲೆಕ್ಟರ್ ಜಾಕ್ಸನ್‌ನನ್ನು 1909ರ ಡಿಸೆಂಬರ್ 21ರಂದು ನಾಟಕಗೃಹದಲ್ಲಿ ಗುಂಡಿಕ್ಕಿದ ಕಾನ್ಹೇರೆಗೆ ಶಿಕ್ಷೆಯಾದದ್ದು ಕೊಲೆಗಾಗಿ. ಉಳಿದಿಬ್ಬರಿಗೆ ಅದರ ಕುಮ್ಮಕ್ಕಿಗಾಗಿ.

ಪ್ರಭುತ್ವದ ವಿರುದ್ಧ ಯುದ್ಧಕ್ಕೆ ಪ್ರಚೋದಿಸಿದ ಅಪರಾಧ ಹೊರಿಸಲ್ಪಟ್ಟವರು ಗಣೇಶ ದಾಮೋದರ ಸಾವರಕರ್. ಅವರನ್ನು ವಿಚಾರಣೆಗೆ ಒಪ್ಪಿಸಿದವನು ಜಾಕ್ಸನ್ನನೇ. ಆರೋಪಕ್ಕೆ ಆಧಾರ ಅವರು ಪ್ರಕಟಿಸಿದ ಮರಾಠಿ ಪದ್ಯಗಳು. ದಂಡಸಂಹಿತೆಯ 121ನೆಯ ಕಲಮಿನಡಿ 1909ರಲ್ಲಿ ವಿಧಿಸಿದ್ದು ಆಜೀವ ಕರಿನೀರಿನ ಶಿಕ್ಷೆ.

ಮುಂಬಯಿ ಹೈಕೋರ್ಟಿನಲ್ಲಿ ಅವರ ಮೇಲ್ಮನವಿಯನ್ನು ಆಲಿಸಿದವರಲ್ಲೊಬ್ಬರು ಹೊನ್ನಾವರದಲ್ಲಿ ಜನಿಸಿದ ನ್ಯಾಯಮೂರ್ತಿ ನಾರಾಯಣ ಗಣೇಶ ಚಂದಾವರಕರ್. ಪದ್ಯಗಳಲ್ಲಿ ದೇವತೆಗಳೂ ಶಿವಾಜಿಯೂ ನೆಪಮಾತ್ರ, ಆಶಯ ಅಂದಿನ ಸರಕಾರದ ಮೇಲಿನ ಯುದ್ಧವೇ ಎಂದು ಅವರು ಅರ್ಥೈಸಿದರು. ಧ್ವನ್ಯರ್ಥವನ್ನು ಹಿಡಿದ ಈ ಓದು ಕಾವ್ಯವಿಮರ್ಶೆಯಾಗಿ ಅಸಂಗತವೇನಲ್ಲ. ಆದರೆ ವಿಮರ್ಶೆಯಲ್ಲಿ ಧ್ವನಿ ಒಂದು ಅರ್ಥಸಾಧ್ಯತೆ. ನ್ಯಾಯಪೀಠದಲ್ಲಿ ಅದು ಕೃತ್ಯವೇ ಆಯಿತು. ವಸಾಹತು ನ್ಯಾಯದ ದೋಷವನ್ನು ನಾವು ಗುರುತಿಸಬೇಕಾದುದು ಈ ಸ್ಥಾನಾಂತರದಲ್ಲಿ.

ಕೊಲೆ, 121ನೆಯ ಕಲಮಿನ ಯುದ್ಧ, 124ಎ ಕಲಮಿನ ಅಪ್ರೀತಿಯ ಪ್ರಚೋದನೆ, ಈ ಮೂರನ್ನೂ ‘ರಾಜದ್ರೋಹ’ವೆಂಬ ಒಂದೇ ಪದದಲ್ಲಿ ಅಡಕಗೊಳಿಸಿದರೆ ಈ ದೋಷ ಮರೆಯಾಗುತ್ತದೆ: ಗುಂಡು ಹಾರಿಸಿದವನೂ ಪದ್ಯ ಪ್ರಕಟಿಸಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆಳಿದವರ ಸಂಹಿತೆಯೇ ಬೇರ್ಪಡಿಸಿದುದನ್ನು ನಮ್ಮ ಪರಿಭಾಷೆ ಬೆರೆಸಬಾರದು. ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿದ್ದು ಮರಾಠಿ, ಕನ್ನಡಗಳೆರಡನ್ನೂ ಬಲ್ಲ ಸಂಶೋಧಕರು ಆ ಪದ್ಯಗಳನ್ನೂ ತೀರ್ಪನ್ನೂ ಜೊತೆಗಿರಿಸಿ ಓದುವುದು ಅಪೇಕ್ಷಣೀಯ.