ಶಿರಾ ಗೇಟ್ ಆಕಾಶಕ್ಕೆ ಮೂರು ಕೆಂಪು ವೃತ್ತ

ದೂರದರ್ಶಕ ಕೊಳ್ಳಲು ಹೋದವರು ಕನ್ನಡಿ ಎಷ್ಟು ಇಂಚು ಎಂದು ಕೇಳುತ್ತಾರೆ, ಐಪೀಸ್ ಎಷ್ಟು ಕೊಡುತ್ತೀರಿ ಎಂದು ವಿಚಾರಿಸುತ್ತಾರೆ, ಸ್ಟ್ಯಾಂಡ್ ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ ನೋಡುತ್ತಾರೆ. ಕೊಳವೆಯ ಬೆನ್ನ ಮೇಲೆ ಕೂರುವ ಫೈಂಡರ್ ಕಡೆಗೆ ಕಣ್ಣು ಹೋಗುವುದು ಅಪರೂಪ. ಮನೆಗೆ ತಂದ ಮೇಲೆ ಮೊದಲ ವಾರ ಚಂದ್ರ, ಮರುವಾರ ಗುರು. ಅಲ್ಲಿಗೆ ಸುಲಭದ ಗುರಿಗಳು ಮುಗಿಯುತ್ತವೆ. ಆಮೇಲೆ ಏನು ಹುಡುಕಿದರೂ ಸಿಗುವುದಿಲ್ಲ, ದೂರದರ್ಶಕ ಅಟ್ಟ ಸೇರುತ್ತದೆ. ನಾನು ಕಂಡಂತೆ, ಹೀಗೆ ಅಟ್ಟ ಸೇರಿದವುಗಳಲ್ಲಿ ಕನ್ನಡಿ ಕೆಟ್ಟವು ಕಡಿಮೆ, ಗುರಿ ಸಿಗದೆ ಬೇಸತ್ತು ಬಿಟ್ಟವೇ ಹೆಚ್ಚು.

ಇದರ ಹಿಂದೆ ಸರಳವಾದ ಲೆಕ್ಕವಿದೆ. ಎಂಟು ಇಂಚಿನ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್‌ಗೆ 25 ಮಿ.ಮೀ. ಐಪೀಸ್ ಹಾಕಿದರೆ ವರ್ಧನೆ 48 ಪಟ್ಟು, ಕಾಣುವ ಆಕಾಶ ಸುಮಾರು ಒಂದು ಡಿಗ್ರಿ. ಕೈಚಾಚಿ ಹಿಡಿದ ಕಿರುಬೆರಳು ಮುಚ್ಚುವಷ್ಟು ಜಾಗ ಅದು. 10 ಮಿ.ಮೀ. ಹಾಕಿದರೆ ಅದರ ಅರ್ಧವೂ ಉಳಿಯದು. ಇಷ್ಟು ಸಣ್ಣ ಕಿಂಡಿಯಿಂದ ಇಡೀ ಆಕಾಶದಲ್ಲಿ ಒಂದು ಮಸುಕು ನಕ್ಷತ್ರಗುಚ್ಛವನ್ನು ಹಿಡಿಯಬೇಕಾದರೆ, ಕೊಳವೆ ಎತ್ತ ನೋಡುತ್ತಿದೆ ಎಂದು ನಿಖರವಾಗಿ ಹೇಳುವ ಸಾಧನ ಬೇಕೇ ಬೇಕು.

ಆ ಸಾಧನ ಏನನ್ನೂ ದೊಡ್ಡದು ಮಾಡದಿರುವುದೇ ಒಳ್ಳೆಯದು ಎನ್ನುವವನು ನಾನು. ವರ್ಧಿಸುವ ಸಣ್ಣ ಫೈಂಡರ್ ಒಳಗೆ ಕಣ್ಣಿಟ್ಟ ಕೂಡಲೇ ನೂರಾರು ಹೊಸ ಚುಕ್ಕೆಗಳು ಎದ್ದು ಬರುತ್ತವೆ, ನೇರ ಕೊಳವೆಯದಾದರೆ ಚಿತ್ರ ತಲೆಕೆಳಗಾಗಿರುತ್ತದೆ. ಈಗಷ್ಟೇ ಬರಿಗಣ್ಣಿಗೆ ಕಂಡ ನಕ್ಷತ್ರ ಇವುಗಳಲ್ಲಿ ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ವರ್ಧನೆಯಿಲ್ಲದ ಸಾಧನದಲ್ಲಿ ಆಕಾಶ ಇದ್ದ ಹಾಗೆಯೇ ಇರುತ್ತದೆ, ಅದರ ಮೇಲೆ ಒಂದು ಕೆಂಪು ಗುರುತು ಮಾತ್ರ ತೇಲುತ್ತದೆ. ಎರಡೂ ಕಣ್ಣು ತೆರೆದೇ ನೋಡಬಹುದು, ನೋಡಬೇಕು.

ಈ ತತ್ವವನ್ನು 1900ರಲ್ಲಿ ಪೇಟೆಂಟ್ ಮಾಡಿಸಿದವರು ಡಬ್ಲಿನ್‌ನ ಸರ್ ಹೋವರ್ಡ್ ಗ್ರಬ್. ಅವರು ದೂರದರ್ಶಕ ತಯಾರಕರೇ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ವಕ್ರೀಕಾರಕ ದೂರದರ್ಶಕ ಗ್ರಬ್ ಕಾರ್ಖಾನೆಯದು. ಅವರ ಉಪಾಯ ಹೀಗಿದೆ: ಬೆಳಗಿಸಿದ ಒಂದು ಗುರುತನ್ನು ಮಸೂರದ ನಾಭಿಯಲ್ಲಿ ಇಟ್ಟು, ಹೊರಬಂದ ಸಮಾನಾಂತರ ಕಿರಣಗಳನ್ನು ಓರೆಯಾಗಿ ನಿಲ್ಲಿಸಿದ ಗಾಜಿನಿಂದ ಕಣ್ಣಿಗೆ ಪ್ರತಿಫಲಿಸುವುದು. ಆಗ ಗುರುತು ನಕ್ಷತ್ರಗಳಷ್ಟೇ ದೂರದಲ್ಲಿ ಇರುವಂತೆ ಕಾಣುತ್ತದೆ. ತಲೆ ಅತ್ತಿತ್ತ ಸರಿದರೂ ಅದು ನಕ್ಷತ್ರವನ್ನು ಬಿಟ್ಟು ಕದಲುವುದಿಲ್ಲ. ಬಂದೂಕು, ಯುದ್ಧವಿಮಾನಗಳಿಗೆ ಹೋದ ಈ ಉಪಾಯವನ್ನು ಹವ್ಯಾಸಿಗಳ ಕೈಗೆ ಸಲ್ಲುವಂತೆ ಮಾಡಿದವರು ಅಮೆರಿಕದ ಸ್ಟೀವ್ ಕುಫೆಲ್ಡ್. 1970ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಟೆಲ್‌ರಾಡ್ ಆಕಾಶದ ಮೇಲೆ ಅರ್ಧ, ಎರಡು ಮತ್ತು ನಾಲ್ಕು ಡಿಗ್ರಿ ವ್ಯಾಸದ ಮೂರು ಕೆಂಪು ವೃತ್ತಗಳನ್ನು ಬರೆಯುತ್ತದೆ. ರೈಜೆಲ್ ಕ್ವಿಕ್‌ಫೈಂಡರ್ ಅರ್ಧ ಮತ್ತು ಎರಡು ಡಿಗ್ರಿಯ ಎರಡು ವೃತ್ತ ತೋರಿಸುತ್ತದೆ. ಅಗ್ಗದ ದೂರದರ್ಶಕಗಳ ಜೊತೆ ಬರುವುದು ಒಂದೇ ಕೆಂಪು ಚುಕ್ಕೆಯದು.

ವೃತ್ತ ಬೇಕೋ ಚುಕ್ಕೆ ಸಾಕೋ? ಶಿರಾ ಗೇಟ್ ತಾರಸಿಯ ಮೇಲೆ ನಿಂತವನಿಗೆ ಇದಕ್ಕೆ ಉತ್ತರ ಸ್ಪಷ್ಟ. ನಮ್ಮ ದಕ್ಷಿಣಕ್ಕೆ ಇಡೀ ತುಮಕೂರು ಪೇಟೆಯ ಬೆಳಕು. ರಸ್ತೆಗೆ ಬಿಳಿ ಎಲ್‌ಇಡಿ ದೀಪಗಳು, ಶಿರಾ ಕಡೆಯಿಂದ ಬರುವ ಲಾರಿಗಳ ಹೆಡ್‌ಲೈಟು. ಚಂದ್ರನಿಲ್ಲದ ರಾತ್ರಿಯಲ್ಲೂ ನಾಲ್ಕನೇ ಕಾಂತಿಮಾನದ ನಕ್ಷತ್ರ ಕಾಣಲು ಕಷ್ಟ. ದೇವರಾಯನದುರ್ಗದ ಮೇಲೆ ನಿಂತವನಿಗೆ ಪ್ರತಿ ಗುಚ್ಛದ ಪಕ್ಕದಲ್ಲೂ ಒಂದು ದಾರಿಗುರುತಿನ ನಕ್ಷತ್ರ ಸಿಕ್ಕೀತು, ಅವನಿಗೆ ಚುಕ್ಕೆಯೂ ನಡೆಯುತ್ತದೆ. ಅರ್ಧ ಅಳಿಸಿಹೋದ ನಮ್ಮ ಆಕಾಶದಲ್ಲಿ ಉಳಿದಿರುವುದು ಕೆಲವೇ ನಕ್ಷತ್ರಗಳು, ಅವುಗಳಿಂದ ದೂರ ಅಳೆದು ಗುರಿ ಮುಟ್ಟಬೇಕು. ಚುಕ್ಕೆ ‘ಇಲ್ಲಿ’ ಎಂದಷ್ಟೇ ಹೇಳುತ್ತದೆ. ವೃತ್ತ ‘ಇಲ್ಲಿಂದ ಇಷ್ಟು ದೂರ’ ಎಂದೂ ಹೇಳುತ್ತದೆ, ದರ್ಜಿಯ ಕೊರಳಲ್ಲಿರುವ ಟೇಪಿನ ಹಾಗೆ. ಪೇಟೆಯೊಳಗಿನವರು ವೃತ್ತವನ್ನೇ ಕೊಳ್ಳಬೇಕು ಎಂಬ ನನ್ನ ವಾದಕ್ಕೆ ಈ ಅಳತೆಯೇ ಆಧಾರ.

ಕೆಲವು ಉದಾಹರಣೆ ನೋಡಿ. ಮಳೆ ಹಿಂತೆಗೆದ ಅಕ್ಟೋಬರ್ ಸಂಜೆ ಏಳರ ಹೊತ್ತಿಗೆ ಅಭಿಜಿತ್ ನಕ್ಷತ್ರ ವಾಯವ್ಯದಲ್ಲಿ ಎತ್ತರದಲ್ಲೇ ಇರುತ್ತದೆ. ಅದರಿಂದ ಸುಮಾರು ಆರು ಡಿಗ್ರಿ ದೂರದಲ್ಲಿ, ಅಂದರೆ ದೊಡ್ಡ ವೃತ್ತದ ಒಂದೂವರೆ ಅಗಲದಲ್ಲಿ, ಲೈರಾ ಮಂಡಲದ ಬೀಟಾ ಮತ್ತು ಗಾಮಾ ಎಂಬ ಜೋಡಿ ಇದೆ. ಆ ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಎರಡು ಡಿಗ್ರಿ. ಟೆಲ್‌ರಾಡ್‌ನ ನಡುವಿನ ವೃತ್ತದ ಅಂಚಿನ ಮೇಲೆ ಇದಿರುಬದಿರಾಗಿ ಎರಡನ್ನೂ ಕೂರಿಸಿ. ಉಂಗುರ ನೀಹಾರಿಕೆ ಎಂ57 ಒಳಗಿನ ಸಣ್ಣ ವೃತ್ತದಲ್ಲಿ, ಕೇಂದ್ರದಿಂದ ಬೀಟಾ ಕಡೆಗೆ ತುಸು ಸರಿದು, ಇದ್ದೇ ಇರುತ್ತದೆ. 48 ಪಟ್ಟಿನಲ್ಲಿ ಅದು ಊದಿಕೊಂಡ ನಕ್ಷತ್ರದಂತೆ ಕಂಡೀತು, 120 ಪಟ್ಟಿಗೆ ಏರಿಸಿದರೆ ಉಂಗುರ ಬಿಡಿಸಿಕೊಳ್ಳುತ್ತದೆ. ಗಾತ್ರ ಸಣ್ಣದಾದರೂ ಬೆಳಕು ಒತ್ತಾಗಿರುವುದರಿಂದ ಪೇಟೆಯ ದೀಪಕ್ಕೆ ಅದು ಸುಲಭವಾಗಿ ಸೋಲುವುದಿಲ್ಲ. ಬೀಟಾ ಸುಮಾರು 13 ದಿನಗಳ ಆವರ್ತದಲ್ಲಿ ಮಂಕಾಗಿ ಮತ್ತೆ ಬೆಳಗುವ ನಕ್ಷತ್ರ. ಕಾಣದ ರಾತ್ರಿ ಗಾಮಾ ಒಂದನ್ನೇ ಅಂಚಿಗೆ ಇಟ್ಟು ಪಶ್ಚಿಮದ ಕಡೆಗೆ ಹೊರಳಿಸಿ.

ಬೇಸಿಗೆ ಬಂದರೆ ವೃಶ್ಚಿಕದ ಜ್ಯೇಷ್ಠಾ. ನಮ್ಮಲ್ಲಿ ಅದು 50 ಡಿಗ್ರಿ ಎತ್ತರಕ್ಕೆ ಏರುತ್ತದೆ, ಎಷ್ಟೇ ದೀಪವಿದ್ದರೂ ಕಾಣುತ್ತದೆ. ಎಂ4 ಗೋಳಗುಚ್ಛ ಅದರ ಪಶ್ಚಿಮಕ್ಕೆ 1.3 ಡಿಗ್ರಿ. ಜ್ಯೇಷ್ಠಾವನ್ನು ನಡುವಿನ ವೃತ್ತ ಮತ್ತು ಹೊರವೃತ್ತಗಳ ಮಧ್ಯೆ, ಪೂರ್ವದ ಬದಿಗೆ, ನಡುವಿನ ವೃತ್ತಕ್ಕೆ ಹತ್ತಿರವಾಗಿ ಇಡಿ. ಕೇಂದ್ರದಲ್ಲಿ ಬರಿಗಣ್ಣಿಗೆ ಏನೂ ಇರುವುದಿಲ್ಲ. ಐಪೀಸ್‌ನಲ್ಲಿ ಮಸುಕಾದ ಗುಚ್ಛವಿರುತ್ತದೆ. ಒಂದೇ ಚುಕ್ಕೆಯ ಸಾಧನದಿಂದ ಈ 1.3 ಡಿಗ್ರಿಯನ್ನು ಅಂದಾಜಿನಲ್ಲೇ ಹೊಡೆಯಬೇಕಾಗುತ್ತದೆ.

ಇನ್ನೊಂದು ನಮ್ಮ ಅಕ್ಷಾಂಶದವರಿಗೆ ಒಲಿದ ಭಾಗ್ಯ. ಕಿನ್ನರ ಮಂಡಲದ ಒಮೆಗಾ ಸೆಂಟಾರಿ, ಆಕಾಶದ ಅತ್ಯಂತ ಪ್ರಕಾಶಮಾನ ಗೋಳಗುಚ್ಛ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ, ತುಮಕೂರಿನಲ್ಲಿ 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದು ಚಿತ್ತಾ ನಕ್ಷತ್ರದ ನೇರ ದಕ್ಷಿಣಕ್ಕಿದೆ, ನಡುವಿನ ಅಂತರ 36 ಡಿಗ್ರಿ: ದೊಡ್ಡ ವೃತ್ತದ ಒಂಬತ್ತು ಅಗಲ. ಮೇ ಮೊದಲ ವಾರ ರಾತ್ರಿ ಹನ್ನೊಂದರ ಹೊತ್ತಿಗೆ ಚಿತ್ತಾ ದಕ್ಷಿಣೋತ್ತರ ರೇಖೆಗೆ ಬಂದಾಗ ಡಾಬ್ಸೋನಿಯನ್ನನ್ನು ಅಡ್ಡ ತಿರುಗಿಸದೆ ಕೆಳಕ್ಕೆ ಮಾತ್ರ ಇಳಿಸಿ. ಮೂರು ಅಗಲ ಇಳಿದರೆ ಹೈಡ್ರಾದ ಗಾಮಾ, ತುಸು ಪಶ್ಚಿಮಕ್ಕೆ. ಇನ್ನೂ ಮೂರಕ್ಕಿಂತ ಕೊಂಚ ಹೆಚ್ಚು ಇಳಿದರೆ ಕಿನ್ನರದ ಅಯೋಟಾ. ಅಲ್ಲಿಂದ ಮೂರು ಅಗಲಕ್ಕಿಂತ ಸ್ವಲ್ಪ ಕಡಿಮೆ, ಕೊಂಚ ಪೂರ್ವಕ್ಕೆ. ಇದನ್ನು ಶಿರಾ ಗೇಟ್‌ನಿಂದ ನೋಡಲು ಹೊರಟರೆ ಪೇಟೆಯ ಬೆಳಕಿನ ಮೇಲೆಯೇ ನೋಡಬೇಕು. ಅದೇ ರಾತ್ರಿ ಕುಣಿಗಲ್ ಆಚೆಗೋ ಗುಬ್ಬಿ ಆಚೆಯ ಹೊಲಗಳಿಗೋ ಹೋದರೆ ಅಳತೆ ಅದೇ, ಫಲ ಹತ್ತು ಪಟ್ಟು.

ಇನ್ನು ಕೊಳ್ಳುವಾಗ ಏನು ನೋಡಬೇಕು ಎಂಬುದು. ಹೊರದೇಶದ ಪುಸ್ತಕಗಳು ಹೇಳದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ನಾವು 13 ಡಿಗ್ರಿ ಉತ್ತರದಲ್ಲಿದ್ದೇವೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುಭಾಗದಲ್ಲಿ ಶೂನ್ಯ ನೆರಳಿನ ದಿನ ಬರುವ ಊರು ನಮ್ಮದು. ಸೂರ್ಯ ನಡೆಯುವ ದಾರಿಯಲ್ಲೇ ಗ್ರಹಗಳೂ ನಡೆಯುವುದರಿಂದ ಅವೂ ನೆತ್ತಿಯ ಆಸುಪಾಸಿಗೆ ಬರುತ್ತವೆ. ರೋಹಿಣಿ ನೆತ್ತಿಯಿಂದ ಮೂರೇ ಡಿಗ್ರಿ ದೂರದಲ್ಲಿ ಹಾಯುತ್ತದೆ, ಮಘಾ ಒಂದೂವರೆ ಡಿಗ್ರಿಯಲ್ಲಿ. ಕೊಳವೆ ಲಂಬವಾಗಿ ನಿಂತಾಗ ಅದಕ್ಕೆ ಅಂಟಿಕೊಂಡ ಗಿಡ್ಡ ಸಾಧನದ ಹಿಂದೆ ತಲೆ ತೂರಿಸಲು ಕತ್ತು ಮುರಿಯಬೇಕು. ಹೀಗಾಗಿ ನಮಗೆ ಎತ್ತರದ ಸಾಧನ ಹಿತ. ಕ್ವಿಕ್‌ಫೈಂಡರ್ ಹುಟ್ಟಾ ಎತ್ತರದ್ದು, ಟೆಲ್‌ರಾಡ್‌ಗೆ ಎತ್ತರಿಸುವ ಪೀಠ ಬೇರೆಯಾಗಿ ಸಿಗುತ್ತದೆ. ನ್ಯೂಟೋನಿಯನ್ ಆದರೆ ಐಪೀಸ್ ಪಕ್ಕದಲ್ಲೇ ಕೂರಿಸಿ. ಅಷ್ಟಾಗಿಯೂ ನೆತ್ತಿಯ ಮೇಲಿನ ಗುರಿ ಕಾಡಿದರೆ ಒಂದು ಗಂಟೆ ಕಾಯಿರಿ, ಆಕಾಶ 15 ಡಿಗ್ರಿ ಪಶ್ಚಿಮಕ್ಕೆ ವಾಲಿರುತ್ತದೆ.

ಎರಡನೆಯದು ಬೆಳಕು. ಗುರುತು ಎಷ್ಟು ಮಂದವಾಗಬಲ್ಲದು ಎಂಬುದನ್ನು ಕತ್ತಲ ಕೋಣೆಯಲ್ಲಿ ಪರೀಕ್ಷಿಸಿ. ಅಗ್ಗದ ಚುಕ್ಕೆ ಸಾಧನಗಳಲ್ಲಿ ಹಲವು ಅತಿ ಕಡಿಮೆಯಲ್ಲೂ ಕಣ್ಣು ಕುಕ್ಕುತ್ತವೆ. ಮೂರನೇ ಕಾಂತಿಮಾನದ ನಕ್ಷತ್ರದ ಮೇಲೆ ಆ ಚುಕ್ಕೆ ಬಂದರೆ ನಕ್ಷತ್ರವೇ ಮುಚ್ಚಿಹೋಗುತ್ತದೆ. ಕೆಲವದರ ಗಾಜಿಗೆ ಬಣ್ಣದ ಲೇಪವಿದ್ದು ಆಕಾಶವೇ ಮಂಕಾಗುತ್ತದೆ. ಇರುವ ನಾಲ್ಕು ನಕ್ಷತ್ರವನ್ನೂ ಕಳೆಯುವ ಗಾಜು ಶಿರಾ ಗೇಟಿಗೆ ಬೇಡ. ಮೂರನೆಯದು ಹಗಲು ಪರೀಕ್ಷೆ: ಗುರುತನ್ನು ದೂರದ ಮೊಬೈಲ್ ಗೋಪುರದ ತುದಿಗೆ ಇಟ್ಟು ತಲೆಯನ್ನು ಎಡಬಲಕ್ಕೆ ಸರಿಸಿ. ಗುರುತು ತುದಿ ಬಿಟ್ಟು ಜಾರಿದರೆ ಆ ಸಾಧನವನ್ನು ವಾಪಸ್ ಕೊಡಿ.

ತೂಕವೂ ಲೆಕ್ಕಕ್ಕೆ ಬರುತ್ತದೆ. ಟೆಲ್‌ರಾಡ್ ಸುಮಾರು 300 ಗ್ರಾಂ. ಎಂಟು ಇಂಚಿನ ಕೊಳವೆಗೆ ಅದು ಭಾರವಲ್ಲ, ನಾಲ್ಕೂವರೆ ಇಂಚಿನದಕ್ಕೆ ಮೂತಿ ಬಾಗುತ್ತದೆ. ಸಣ್ಣ ಕೊಳವೆಯವರಿಗೆ ಅದರ ಮೂರನೇ ಒಂದರಷ್ಟು ತೂಗುವ ಕ್ವಿಕ್‌ಫೈಂಡರ್ ವಾಸಿ. ಟೆಲ್‌ರಾಡ್‌ಗೆ ಬೇಕಾದ ಎರಡು ಎಎ ಸೆಲ್ ಯಾವ ಅಂಗಡಿಯಲ್ಲೂ ಸಿಗುತ್ತದೆ, ಕ್ವಿಕ್‌ಫೈಂಡರಿನ ಬಿಲ್ಲೆ ಸೆಲ್ಲಿಗೆ ಗಡಿಯಾರ ರಿಪೇರಿಯವರಲ್ಲಿ ಕೇಳಿ. ಮಳೆಗಾಲದಲ್ಲಿ ಸೆಲ್ ತೆಗೆದಿಡಿ, ಸೋರಿದರೆ ತಗಡು ತಿನ್ನುತ್ತದೆ. ಪೀಠ ಅಂಟಿಸಲು ಬರುವ ಎರಡು ಬದಿಯ ಟೇಪು ನಮ್ಮ ಏಪ್ರಿಲ್ ಬಿಸಿಲಿಗೆ ಸಡಿಲಾದೀತು, ಸ್ಕ್ರೂ ಹಾಕಿ ಬಿಗಿಯುವುದು ಕ್ಷೇಮ. ಕಾರ್ತಿಕದ ನಂತರದ ರಾತ್ರಿಗಳಲ್ಲಿ ಆಕಾಶಕ್ಕೆ ಮುಖ ಮಾಡಿದ ಗಾಜಿನ ಮೇಲೆ ಇಬ್ಬನಿ ಕೂತು ವೃತ್ತಗಳು ಮಂಜಾಗುತ್ತವೆ. ಫೈಲಿನ ಪ್ಲಾಸ್ಟಿಕ್ ಹಾಳೆ ಬಗ್ಗಿಸಿ ಗಾಜಿನ ಮೇಲೊಂದು ಮಾಡು ಕಟ್ಟಿದರೆ ಬಹಳ ಹೊತ್ತು ತಡೆಯುತ್ತದೆ.

ಹೊಂದಿಸುವ ಕೆಲಸವನ್ನು ಹಗಲೇ ಮುಗಿಸಿ. ಸೂರ್ಯ ಇರುವ ದಿಕ್ಕಿಗೆ ಕೊಳವೆ ತಿರುಗಿಸಲೇಬೇಡಿ. ಅರ್ಧ ಕಿಲೋಮೀಟರಿಗೂ ಆಚೆಯ ಗುರಿ ಆರಿಸಿ. ಸಾಧನ ಕೊಳವೆಯ ಅಕ್ಷದಿಂದ 15 ಸೆಂ.ಮೀ. ದೂರದಲ್ಲಿದ್ದರೆ, 20 ಮೀಟರ್ ಆಚೆಯ ಪಕ್ಕದ ಮನೆಯ ಟ್ಯಾಂಕಿಗೆ ಹೊಂದಿಸಿದ್ದು ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ತಪ್ಪುತ್ತದೆ. 500 ಮೀಟರಿಗೆ ಹೊಂದಿಸಿದರೆ ತಪ್ಪು ಡಿಗ್ರಿಯ ಅರುವತ್ತನೇ ಒಂದು ಪಾಲು. ರಾತ್ರಿ ಧ್ರುವ ನಕ್ಷತ್ರದಿಂದ ತಿದ್ದಿಕೊಳ್ಳಿ ಎಂಬ ಕೈಪಿಡಿಯ ಸಲಹೆ ನಮಗೆ ಹೊಂದುವುದಿಲ್ಲ. ಇಲ್ಲಿ ಧ್ರುವ 13 ಡಿಗ್ರಿ ಎತ್ತರದಲ್ಲಿ, ಧೂಳಿನಲ್ಲಿ, ತಾರಸಿಯ ಟ್ಯಾಂಕುಗಳ ಹಿಂದೆ ಇರುತ್ತದೆ. ಲುಬ್ಧಕವೋ ಸ್ವಾತಿಯೋ ಐಪೀಸ್ ನಡುವೆ ಇದ್ದಾಗ ತಿರುಪುಗಳನ್ನು ಬೇಗ ಬೇಗ ತಿರುಗಿಸಿ, ಮತ್ತೆ ನೋಡಿ, ಮತ್ತೆ ತಿದ್ದಿ.

ವರ್ಧಿಸುವ ಫೈಂಡರ್ ಬೇಡವೇ ಬೇಡ ಎನ್ನುತ್ತಿಲ್ಲ. ಐದಾರು ಡಿಗ್ರಿ ಸುತ್ತ ಬರಿಗಣ್ಣಿಗೆ ಒಂದೂ ನಕ್ಷತ್ರವಿಲ್ಲದ ಜಾಗಗಳಿವೆ. ಅಲ್ಲಿ 50 ಮಿ.ಮೀ. ಮಸೂರದ, ಚಿತ್ರ ನೇರವಾಗಿ ಕಾಣುವ, ಮೂತಿ ಬಗ್ಗಿದ ಫೈಂಡರ್ ಆಪದ್ಬಾಂಧವ. ಅದು ಎರಡನೇ ಖರೀದಿಯಾಗಲಿ. ಹಸಿರು ಲೇಸರನ್ನು ಕೊಳವೆಗೆ ಕಟ್ಟಿ ಗುರಿ ಹಿಡಿಯುವವರಿದ್ದಾರೆ. ಹೆದ್ದಾರಿಯ ಚಾಲಕರ, ಅಕ್ಕಪಕ್ಕದ ತಾರಸಿಯವರ ಕಣ್ಣಿಗೆ, ವಿಮಾನಗಳಿಗೆ ಅದರಿಂದ ಅಪಾಯವಿದೆ. ಊರೊಳಗೆ ಅದನ್ನು ಬಳಸಲೇಬಾರದು.

ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಇನ್ನೊಂದು ಐಪೀಸ್ ಕೊಳ್ಳುವ ಬದಲು ವೃತ್ತದ ಸಾಧನ ಕೊಳ್ಳಿ. ಈ ವಾರ ಚಂದ್ರ ಸಿಕ್ಕ ರಾತ್ರಿ ಅದನ್ನು ಒಳವೃತ್ತದೊಳಗೆ ಇಟ್ಟು ನೋಡಿ. ಚಂದ್ರನ ಅಗಲವೂ ಅರ್ಧ ಡಿಗ್ರಿಯೇ, ವೃತ್ತ ತುಂಬಬೇಕು. ತುಂಬಿದರೆ ನಿಮ್ಮ ಅಳತೆಗೋಲು ಸರಿಯಿದೆ ಎಂದರ್ಥ. ಮರುದಿನದಿಂದ ಫೋನಿನ ಆ್ಯಪ್ ಜೇಬಿನಲ್ಲೇ ಇರಲಿ, ಅದರ ಬೆಳಕಿಗೆ ಕುರುಡಾದ ಕಣ್ಣು ಮತ್ತೆ ಕತ್ತಲಿಗೆ ಪಳಗಲು ಅರ್ಧ ಗಂಟೆ ಹಿಡಿಯುತ್ತದೆ. ನಕ್ಷೆ ನೋಡಿ ಡಿಗ್ರಿ ಲೆಕ್ಕ ಹಾಕಿಕೊಂಡು ತಾರಸಿ ಹತ್ತಿ. ಹೀಗೆ ಅಳೆದು ಹುಡುಕಿದ ಗುಚ್ಛದ ದಾರಿ ಮರೆಯುವುದಿಲ್ಲ. ಕರೆಂಟು ಹೋದ ರಾತ್ರಿಯಲ್ಲಾಗಲಿ, ಬೇರೆಯವರ ದೂರದರ್ಶಕದಲ್ಲಾಗಲಿ, ಅದನ್ನು ಮತ್ತೆ ಹಿಡಿದು ಪಕ್ಕದ ಮನೆಯ ಮಕ್ಕಳಿಗೆ ತೋರಿಸಬಲ್ಲಿರಿ.